ನಳಿಗೆಯ ಅಡಿಯ ಕಿರೀಟ

ದುಧನಿಯ ಹಳೆಯ ವಾಡೆಯೊಂದರಲ್ಲಿ ಖಂಡೇನವಮಿಯ ಪೂಜೆ. ಕುಡುಗೋಲು, ಕೊಡಲಿಗಳ ಸಾಲಿನ ಕೊನೆಗೆ ಮುತ್ತಜ್ಜನ ಕಾಲದ ಜೋಡುನಳಿಗೆ ಬಂದೂಕು. ಅದು ನಿಮ್ಮ ಕೈಗೆ ಬಂತೆನ್ನಿ. ಯಾರು ಮಾಡಿದ್ದು ಇದನ್ನು?

ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಹೆಸರು ಕೆತ್ತಿದೆ: ಆರ್.ಬಿ. ರೊಡ್ಡಾ, ಕಲ್ಕತ್ತ. ಸಿಕ್ಕಿತು! ಇಲ್ಲ, ಸಿಕ್ಕಿಲ್ಲ. ಅದು ಮಾರಿದ ಅಂಗಡಿಯ ಹೆಸರು. 1914ರ ಆಗಸ್ಟ್ 26ರಂದು ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲು ಸಾಗಿಸಿಕೊಂಡು ಹೋದದ್ದು ಇದೇ ಅಂಗಡಿಗೆ ಬಂದಿದ್ದ ಮಾಲಿನಿಂದ! ಸೋಲಾಪುರದ ಚಾದರದ ಮೇಲೆ ಅಂಗಡಿಯ ಚೀಟಿ ಇರುತ್ತದೆ, ನೇಯ್ದವನ ಹೆಸರಿರುತ್ತದೆಯೇ? ಬಂದೂಕಿನದೂ ಅದೇ ಕಥೆ.

ಹಾಗಾದರೆ ಮಗುಚಿ ನೋಡಬೇಕು. ಒಳಗೆ ತೋಟಾ ಇಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು, ಕೈಪಳಗಿದವರಿಂದ ನಳಿಗೆ ಬಿಡಿಸಿ. ಇಷ್ಟು ಕಾಲ ಮುಚ್ಚಿಕೊಂಡಿದ್ದ, ನಳಿಗೆಯ ಅಡಿಯ ಚಪ್ಪಟೆ ಜಾಗಕ್ಕೆ ಬೆಳಕು ಹಿಡಿಯಿರಿ. ಅಬ್ಬಾ!

ಪುಟ್ಟದೊಂದು ಕಿರೀಟ. ಅದರಡಿ ಕತ್ತರಿಯಾಕಾರದಲ್ಲಿ ಎರಡು ರಾಜದಂಡ, ಸಂದಿಯಲ್ಲಿ ಬಿ, ಪಿ, ಸಿ ಅಕ್ಷರಗಳು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಮುದ್ರೆ ಇದು! 1813ರಲ್ಲಿ ಕಾಯ್ದೆಯಿಂದಲೇ ಹುಟ್ಟಿದ ಆ ಮನೆಯಲ್ಲಿ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಈಡು ಹಾರಿಸುತ್ತಿದ್ದರು. ಸೀಳದೆ, ಉಬ್ಬದೆ ಉಳಿದ ನಳಿಗೆಗೆ ಮಾತ್ರ ಈ ಕಿರೀಟ. ಮೊಟ್ಟೆಯಾಕಾರದೊಳಗೆ ಇ, ಎಲ್, ಜಿ ಎಂದಿದ್ದರೆ ಬಂದೂಕು ಬೆಲ್ಜಿಯಂನ ಲೀಜ್ ಪಟ್ಟಣದ್ದಾಗುತ್ತಿತ್ತು.

ಪಕ್ಕದಲ್ಲಿ 13 ಎಂಬ ಅಂಕಿ. ಅದು ಇಸವಿಯೂ ಅಲ್ಲ, ಬೆಲೆಯೂ ಅಲ್ಲ. ಒಂದು ಪೌಂಡ್ ಸೀಸದಲ್ಲಿ 13 ಸಮ ಗುಂಡುಗಳನ್ನು ಎರಕ ಹೊಯ್ದರೆ, ಅದರಲ್ಲೊಂದು ಗುಂಡಿನಷ್ಟು ಅಗಲ ಈ ನಳಿಗೆಯ ಬಾಯಿ! ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು.

ಇನ್ನೂ ಇದೆ. ವಜ್ರಾಕಾರದ ಚೌಕಟ್ಟಿನೊಳಗೆ 12, ಕೆಳಗೆ ಸಿ. ಈ ಗುರುತು ಶುರುವಾದದ್ದು 1887ರಲ್ಲಿ. ರಾಜದಂಡದ ಹಳೆಯ ಮುದ್ರೆಯನ್ನು ಬರ್ಮಿಂಗ್‌ಹ್ಯಾಮ್ ಬದಲಿಸಿದ್ದು 1904ರಲ್ಲಿ. ಎರಡೂ ಒಂದೇ ನಳಿಗೆಯ ಮೇಲಿದ್ದರೆ ಅದು ಹುಟ್ಟಿದ್ದು ಆ 17 ವರ್ಷಗಳ ನಡುವೆ! ತಾರೀಖು ಬರೆಯದೆಯೇ ಉಕ್ಕು ತನ್ನ ವಯಸ್ಸು ಹೇಳಿತು.

ಬೆಳಕನ್ನು ಓರೆ ಮಾಡಿ. ನಳಿಗೆಯ ಮೈಮೇಲೆ ಕೆರೆಯ ನೀರಿನಂಥ ಸುಳಿ ಮೂಡಿತೇ? ಅದು ದಮಾಸ್ಕಸ್ ಕೆಲಸ: ಕಬ್ಬಿಣ, ಉಕ್ಕುಗಳನ್ನು ಹಗ್ಗದಂತೆ ಹೊಸೆದು, ಕಂಬಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. ಇಂಥ ಮುಪ್ಪಿನ ನಳಿಗೆಗೆ ಇಂದಿನ ತೋಟಾ ಹಾಕಿ ಹಾರಿಸಲೇಬೇಡಿ, ಸೀಳಬಹುದು.

ಅಡಿಯಲ್ಲಿ ಆ ಸುಳಿಯ ನಡುವೆ ಸಾಸಿವೆಯಷ್ಟು ಸಣ್ಣ ಎರಡಕ್ಷರ ಕಂಡರೆ ಉಸಿರು ಬಿಗಿಹಿಡಿಯಿರಿ. ನಳಿಗೆ ಮಾಡಿದ ಕಮ್ಮಾರನದಿರಬಹುದು! ಆಗಿನ ಬರ್ಮಿಂಗ್‌ಹ್ಯಾಮಿನಲ್ಲಿ ನಳಿಗೆ ಬಡಿಯುವವನು ಒಬ್ಬ, ಬಂದೂಕಿನ ಕುದುರೆಯನ್ನು ಅರದಿಂದ ಉಜ್ಜುವವನು ಇನ್ನೊಬ್ಬ, ಕಟ್ಟಿಗೆ ಕೆತ್ತುವವನು, ಹೂಬಳ್ಳಿ ಕೊರೆಯುವವನು ಬೇರೆ ಬೇರೆ. ಯಾರು ಮಾಡಿದ್ದು ಎಂಬ ಪ್ರಶ್ನೆಗೆ ಉತ್ತರ ಒಬ್ಬನಲ್ಲ, ಒಂದು ಕೇರಿ!

ಅಕ್ಕಲಕೋಟದ ಅರಮನೆಯ ಶಸ್ತ್ರಾಗಾರದಲ್ಲಿ ಭೋಸಲೆ ಅರಸರ ಆಯುಧಗಳ ಮುಂದೆ ನಿಂತಾಗಲೂ ನಮಗೆ ಕಾಣುವುದು ಮೇಲ್ಮೈ. ಮನೆಯ ಬಂದೂಕನ್ನಾದರೂ ಮಗುಚಬಹುದು. ಮುಂದಿನ ಖಂಡೇನವಮಿಗೆ ಅಂಗಡಿಯ ಹೆಸರಿಗೆ ಹಚ್ಚಿದ ಕುಂಕುಮದಲ್ಲಿ ಒಂದು ಬೊಟ್ಟು ಉಳಿಸಿಕೊಳ್ಳಿ. ಅದು ಅಡಿಯ ಆ ಎರಡಕ್ಷರಕ್ಕೆ.