ಗುರುಗ್ರಾಮದ ಕ್ಯಾಮೆರಾ ಮನೆ

ಮಾನೇಸರ್ ಎಂದರೆ ಮಾರುತಿ ಕಾರು, ಹೋಂಡಾ ಬೈಕು, ಎನ್‌ಎಸ್‌ಜಿ ಕಮಾಂಡೊಗಳು. ಊರನ್ನು ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 48 ನಮಗೇನೂ ಪರಕೀಯವಲ್ಲ. ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ, ತುಮಕೂರು ದಾಟಿ ಬೆಂಗಳೂರಿಗೆ ಬರುವುದೂ ಇದೇ ರಸ್ತೆ. ನೌಕರಿಗೆಂದು ಈ ಕಡೆ ಬಂದು ನೆಲೆಸಿದ ಕನ್ನಡಿಗರಿಗೆ ಭಾನುವಾರ ಬಂತೆಂದರೆ ಒಂದು ಮಾಲ್, ಅದು ಬೇಸರವಾದರೆ ಇನ್ನೊಂದು ಮಾಲ್. ಅಂಥವರು ಒಮ್ಮೆ ಹೆದ್ದಾರಿಯಲ್ಲಿ ದೆಹಲಿ ದಿಕ್ಕಿಗೆ ಹೊರಟು ಗುರುಗ್ರಾಮದ ಸೆಕ್ಟರ್ 28ಕ್ಕೆ ತಿರುಗಿಕೊಳ್ಳಬೇಕು. ಅಲ್ಲಿರುವುದು ಮ್ಯೂಸಿಯೊ ಕ್ಯಾಮೆರಾ.

ಛಾಯಾಗ್ರಾಹಕ ಆದಿತ್ಯ ಆರ್ಯ ಹಳೆಯ ಕ್ಯಾಮೆರಾಗಳನ್ನು ಕೂಡಿಡುತ್ತಾ ಬಂದವರು. ಸಂಗ್ರಹ ಬೆಳೆದಂತೆ ಗುರುಗ್ರಾಮದ ತಮ್ಮ ಮನೆಯ ನೆಲಮಾಳಿಗೆಯನ್ನೇ ವಸ್ತುಸಂಗ್ರಹಾಲಯ ಮಾಡಿದರು. ಅದೂ ಸಾಲದಾದಾಗ ಗುರುಗ್ರಾಮದ ಮಹಾನಗರ ಪಾಲಿಕೆ ಕೈಜೋಡಿಸಿತು. 2019ರಲ್ಲಿ ಸುಮಾರು 18,000 ಚದರ ಅಡಿಯ ಈಗಿನ ಕಟ್ಟಡದ ಬಾಗಿಲು ತೆರೆಯಿತು. ಚರಂಡಿ, ಕಸದ ಲೆಕ್ಕದಲ್ಲೇ ಮುಳುಗಿರುವ ಪಾಲಿಕೆಯೊಂದು ಕ್ಯಾಮೆರಾಗಳಿಗೆ ಜಾಗ ಕೊಟ್ಟಿತೆಂಬುದು ನನಗೆ ಇಂದಿಗೂ ಸೋಜಿಗ.

ಒಳಗೆ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳಿವೆ. ಮರದ ಪೆಟ್ಟಿಗೆಗೆ ತೊಗಲಿನ ತಿದಿ ಜೋಡಿಸಿದ ಸ್ಟುಡಿಯೊ ಕ್ಯಾಮೆರಾಗಳಿಂದ ಹಿಡಿದು ಡಿಜಿಟಲ್‌ವರೆಗೆ ಎಲ್ಲವೂ ಇವೆ. ಮಕ್ಕಳು ಗುಂಪುಗೂಡುವುದು ಮೊದಲ ಮಹಾಯುದ್ಧದ ಕಾಲದ ಬಂದೂಕು ಕ್ಯಾಮೆರಾ ಎದುರು. ವಿಮಾನದಲ್ಲಿ ಕೂತು ಗುಂಡು ಹಾರಿಸುವುದನ್ನು ಕಲಿಯುತ್ತಿದ್ದವರು ಕುದುರೆ ಎಳೆದರೆ ಗುಂಡಿನ ಬದಲು ಫೋಟೊ ಬೀಳುತ್ತಿತ್ತು. ಗುರಿ ತಪ್ಪಿತೋ ತಾಗಿತೋ ಎಂಬುದು ಆಮೇಲೆ ರೀಲು ತೊಳೆದಾಗ ತಿಳಿಯುತ್ತಿತ್ತು.

ಈ ಇತಿಹಾಸದಲ್ಲಿ ನಮ್ಮ ಊರುಗಳಿಗೂ ಪಾಲುಂಟು. ಡಾಗೆರ್ ಫೋಟೊ ಮೂಡಿಸುವ ತನ್ನ ವಿಧಾನವನ್ನು ಪ್ಯಾರಿಸ್‌ನಲ್ಲಿ ಬಹಿರಂಗಪಡಿಸಿದ್ದು 1839ರಲ್ಲಿ. ಅದಾಗಿ ಹದಿನೈದೇ ವರ್ಷಕ್ಕೆ, 1854ರಲ್ಲಿ, ಲಿನೆಯಸ್ ಟ್ರೈಪ್ ಎಂಬ ಸೇನಾಧಿಕಾರಿ ಹಳೇಬೀಡು, ಬೇಲೂರಿನ ಗುಡಿಗಳ ಮುಂದೆ ಕ್ಯಾಮೆರಾ ನಿಲ್ಲಿಸಿದ್ದ. ಫಿಲ್ಮು ಆಗ ಎಲ್ಲಿತ್ತು? ಮೇಣ ಹಚ್ಚಿದ ಕಾಗದವೇ ನೆಗೆಟಿವ್.

ಆದರೆ ಈ ಸಂಸ್ಥೆಯನ್ನು ಬರೀ ಕ್ಯಾಮೆರಾಗಳಿಂದ ಅಳೆಯಲು ನನಗೆ ಮನಸ್ಸಿಲ್ಲ. ಕುಲವಂತ್ ರಾಯ್ ಎಂಬ ಪತ್ರಿಕಾ ಛಾಯಾಗ್ರಾಹಕರಿದ್ದರು. ದೆಹಲಿಯ ಮೋರಿ ಗೇಟ್‌ನಲ್ಲಿ ಅವರ ಸ್ಟುಡಿಯೊ. ಗಾಂಧಿ, ನೆಹರೂ, ಪಟೇಲ್, ಜಿನ್ನಾ ಎಲ್ಲರನ್ನೂ ಹತ್ತಿರದಿಂದ ಸೆರೆಹಿಡಿದವರು, ಭಾಕ್ರಾ ಅಣೆಕಟ್ಟು ಮೇಲೇಳುವುದನ್ನು ದಾಖಲಿಸಿದವರು. ದೇಶ ದೇಶ ಸುತ್ತಿ ತೆಗೆದ ನೆಗೆಟಿವ್‌ಗಳನ್ನು ಅವರು ಅಂಚೆಯಲ್ಲಿ ದೆಹಲಿಗೆ ಕಳಿಸಿದರೆ ಅವು ತಲುಪಲೇ ಇಲ್ಲ. ಕಸದ ತಿಪ್ಪೆಗಳಲ್ಲೂ ಹುಡುಕಾಡಿದರಂತೆ. 1984ರಲ್ಲಿ ತೀರಿಕೊಂಡಾಗ ಉಳಿದ ಪೆಟ್ಟಿಗೆಗಳು ಆಪ್ತರಾಗಿದ್ದ ಆರ್ಯರ ಪಾಲಿಗೆ ಬಂದವು. ಎರಡು ದಶಕಕ್ಕೂ ಹೆಚ್ಚು ಕಾಲ ಅವು ಮುಚ್ಚಿದಂತೆಯೇ ಇದ್ದವು. ತೆರೆದು ನೋಡಿ, ಸ್ಕ್ಯಾನ್ ಮಾಡಿ, ವಿಂಗಡಿಸಿದ ಮೇಲೆ 2010ರಲ್ಲಿ ಇತಿಹಾಸಕಾರ ಇಂದೀವರ್ ಕಾಮ್ಟೇಕರ್ ಜೊತೆ ಆರ್ಯ ಒಂದು ದೊಡ್ಡ ಗ್ರಂಥ ತಂದರು. ನೆಗೆಟಿವ್‌ಗಳಿಲ್ಲದ ಕ್ಯಾಮೆರಾ ಹಿತ್ತಾಳೆ, ಗಾಜು, ತೊಗಲು ಅಷ್ಟೇ. ಅದಕ್ಕೇ ಈ ಜಾಗದಲ್ಲಿ ನನಗೆ ಹಿಡಿಸಿದ್ದು ಗಾಜಿನ ಕಪಾಟುಗಳಿಗಿಂತ ಡಾರ್ಕ್‌ರೂಮು, ಹಳೆಯ ವಿಧಾನಗಳಲ್ಲಿ ಚಿತ್ರ ಮೂಡಿಸುವುದನ್ನು ಹೇಳಿಕೊಡುವ ಕಮ್ಮಟಗಳು.

ಸಂಗ್ರಹದ ಹುಚ್ಚಿಗೆ ಇನ್ನೊಂದು ಮುಖವೂ ಇದೆ, ಬೆಲೆಯದ್ದು. 2022ರಲ್ಲಿ ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಲೈಕಾ ಕಂಪನಿಯ ಮೊದಮೊದಲ ಕ್ಯಾಮೆರಾವೊಂದು 1.44 ಕೋಟಿ ಯೂರೊಗೆ ಹರಾಜಾಯಿತು. ಅದರಲ್ಲಿ ಇನ್ನು ಯಾರೂ ರೀಲು ಹಾಕಲಾರರು. ನಮ್ಮಂಥವರಿಗೆ ದೆಹಲಿಯ ಚಾಂದನಿ ಚೌಕದ ಕೂಚಾ ಚೌಧರಿ ಇದೆ, ಗಲ್ಲಿ ತುಂಬ ಕ್ಯಾಮೆರಾ ಅಂಗಡಿಗಳು. ಅಲ್ಲಿ ಹಳೆಯದನ್ನು ಕೊಳ್ಳುವ ಮುನ್ನ ಲೆನ್ಸಿನ ಹಿಂದಿನಿಂದ ಟಾರ್ಚು ಬಿಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಈ ಶತ್ರು ಚೆನ್ನಾಗಿ ಗೊತ್ತು. ಶಟರನ್ನು ಕಿವಿಯ ಹತ್ತಿರ ಹಿಡಿದು ಒಂದು ಸೆಕೆಂಡಿಗೆ ಇಟ್ಟು ಒತ್ತಿ. ಎಣ್ಣೆ ಗಟ್ಟಿಯಾಗಿದ್ದರೆ ಅದು ನಡುವೆಯೇ ಮುಗ್ಗರಿಸುತ್ತದೆ. ತಿದಿ ಇದ್ದರೆ ಕತ್ತಲಲ್ಲಿ ಅದರೊಳಗೆ ಟಾರ್ಚು ಹಾಕಿ ಮಡಿಕೆಗಳ ಮೂಲೆ ನೋಡಬೇಕು. ಸೂಜಿಮೊನೆಯಷ್ಟು ಬೆಳಕು ಹೊರಬಂದರೂ ಫಿಲ್ಮು ಕೆಟ್ಟಂತೆ. ಮಾರುವವನು 'ಫಸ್ಟ್ ಕ್ಲಾಸ್ ಕಂಡಿಷನ್' ಎನ್ನುವುದಕ್ಕೆ ಯಾವ ಬೆಲೆಯೂ ಇಲ್ಲ.

ಹೊಸಬರಿಗೆ ನನ್ನ ಶಿಫಾರಸು ಲೈಕಾ ಅಲ್ಲ, ಭಾರತದಲ್ಲೇ ತಯಾರಾದ ಆಗ್ಫಾ ಕ್ಲಿಕ್ 3. ನಮ್ಮ ಎಷ್ಟೋ ಮನೆಗಳ ನಾಮಕರಣ, ಮದುವೆ, ಧರ್ಮಸ್ಥಳದ ಪ್ರವಾಸಗಳೆಲ್ಲ ಈ ಡಬ್ಬಿಯೊಳಗಿಂದಲೇ ಬಂದವು. 120 ಅಳತೆಯ ರೀಲು, ಚೌಕಾಕಾರದ ಹನ್ನೆರಡು ಚಿತ್ರ. ಸಂಜೆ ಬೆಳಕಿನಲ್ಲಿ ಇದು ಕೈಕೊಡುತ್ತದೆ, ಅಂಚುಗಳು ಮಸುಕು. ಮಧ್ಯಾಹ್ನದ ಬಿಸಿಲಿಗೆ ಮಾತ್ರ ಒಗ್ಗುವ ಕ್ಯಾಮೆರಾ. ಆದರೆ ಹನ್ನೆರಡೇ ಸಲ ಒತ್ತಬಹುದೆಂಬ ಜಿಪುಣತನ ನೋಡುವುದನ್ನು ಕಲಿಸುತ್ತದೆ. ಒಂದು ಕಾಲಕ್ಕೆ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೀಲು ಸಿಗುತ್ತಿತ್ತು. ಈಗ ಅದಿಲ್ಲ, ಇಂಗ್ಲೆಂಡಿನ ಇಲ್ಫೋರ್ಡ್ ರೀಲು ತರಿಸಿಕೊಳ್ಳಬೇಕು.

ಊರಿಗೆ ಹೋದಾಗ ಅಟ್ಟದ ಮೇಲೆ ಅಜ್ಜನ ಅಂಥದ್ದೊಂದು ಡಬ್ಬಿ ಸಿಕ್ಕರೆ ಆತುರಕ್ಕೆ ಬಿದ್ದು ತೆರೆಯಬೇಡಿ. ಹಿಂಬದಿಯ ಪುಟ್ಟ ಕೆಂಪು ಕಿಟಕಿಯಲ್ಲಿ ಅಂಕಿಯೇನಾದರೂ ಕಾಣುತ್ತಿದ್ದರೆ ಒಳಗೆ ರೀಲು ಇನ್ನೂ ಇದೆ. ಹಾಗೇ ಕಪ್ಪು ಬಟ್ಟೆಯಲ್ಲಿ ಸುತ್ತಿ, ಕಪ್ಪು-ಬಿಳುಪು ತೊಳೆಯಬಲ್ಲವರ ಕೈಗೆ ಕೊಡಿ.