ಟಿ.ವಿ. ಅಗ್ಗವಾದರೆ ನಷ್ಟ ಯಾರಿಗೆ?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ನಮ್ಮ ಗಾದೆ. ಆದರೆ ಐಷಾರಾಮಿ ವಸ್ತುಗಳ ತೆರಿಗೆ ಇಳಿಸುವ ಮಾತು ಬಂದಾಗ ಸುಂಕದವನೇ ತನ್ನ ದುಃಖ ತೋಡಿಕೊಳ್ಳುತ್ತಾನೆ. 2025ರಲ್ಲಿ ಕರ್ನಾಟಕ ಸರ್ಕಾರ ಮಾಡಿದ್ದು ಇದನ್ನೇ.

ಒಂದು ಕಾಲಕ್ಕೆ ಮಾರಾಟ ತೆರಿಗೆಯ ದರ ಆಯಾ ರಾಜ್ಯದ ಕೈಯಲ್ಲಿತ್ತು. ನೆರೆಯವರ ವ್ಯಾಪಾರ ಸೆಳೆಯಲು ದರ ಇಳಿಸುವ ಪೈಪೋಟಿಯೂ ನಡೆಯುತ್ತಿತ್ತು. ಅದನ್ನು ತಡೆಯಲು 2000ದ ಜನವರಿಯಿಂದ ಕನಿಷ್ಠ ದರಗಳನ್ನು ಪಾಲಿಸಲು ರಾಜ್ಯಗಳು ಒಪ್ಪಿದವು. ಕರ್ನಾಟಕದಲ್ಲಿ 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂತು, 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅಲ್ಲಿಂದ ಮುಂದೆ ದರದ ತೀರ್ಮಾನ ಕೇಂದ್ರ ಮತ್ತು ರಾಜ್ಯಗಳ ಸಚಿವರು ಕೂಡುವ ಜಿಎಸ್‌ಟಿ ಮಂಡಳಿಯದು. ದರಗಳ ಪರಿಷ್ಕರಣೆಗೆ 2021ರಲ್ಲಿ ರಚನೆಯಾದ ಸಚಿವರ ತಂಡದ ನೇತೃತ್ವ ವಹಿಸಿದ್ದವರು ಅಂದಿನ ಮುಖ್ಯಮಂತ್ರಿ, ಹುಬ್ಬಳ್ಳಿಯವರೇ ಆದ ಬಸವರಾಜ ಬೊಮ್ಮಾಯಿ.

2025ರ ಸೆಪ್ಟೆಂಬರ್ 22ರಿಂದ ಏರ್ ಕಂಡೀಷನರ್ ಮತ್ತು 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಸೆಸ್ ಸೇರಿ ಶೇ 50ರವರೆಗೆ ತೆರಿಗೆ ಇದ್ದ ದೊಡ್ಡ ಕಾರುಗಳಿಗೆ ಶೇ 40 ನಿಗದಿಯಾಯಿತು.

ಇದರ ಪರಿಣಾಮವೇನು? ಕೊಪ್ಪಿಕರ ರಸ್ತೆಯ ಅಂಗಡಿಯೊಂದರಲ್ಲಿ ತೆರಿಗೆ ಬಿಟ್ಟು 40,000 ರೂಪಾಯಿಯ ಟಿ.ವಿ. ಇದೆ ಎನ್ನೋಣ. ಮೊದಲಿನ ತೆರಿಗೆ 11,200 ರೂಪಾಯಿ, ಈಗಿನದು 7,200. ಗಿರಾಕಿಗೆ 4,000 ರೂಪಾಯಿ ಉಳಿಯಿತು. ಈ ತೆರಿಗೆಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ರಾಜ್ಯದ ಪಾಲು 5,600ರಿಂದ 3,600ಕ್ಕೆ ಇಳಿಯಿತು. ಈ ಖೋತಾ ತುಂಬಬೇಕಾದರೆ 9 ಟಿ.ವಿ. ಮಾರುತ್ತಿದ್ದ ಅಂಗಡಿ 14 ಮಾರಬೇಕು.

ವಾದ ಇರುವುದು ಇಲ್ಲಿಯೇ. ಬೆಲೆ ಇಳಿದರೆ ಮಾರಾಟ ಹೆಚ್ಚುತ್ತದೆ, ಕಾರ್ಖಾನೆಗೆ ಕೆಲಸ ಸಿಗುತ್ತದೆ ಎಂಬುದು ಇಳಿಕೆಯ ಪರವಾದ ಮಾತು. ಮಾರಾಟ ಅಷ್ಟು ಏರದಿದ್ದರೆ ಶಾಲೆ, ಆಸ್ಪತ್ರೆ, ರಸ್ತೆಗೆ ಹಣ ಎಲ್ಲಿಂದ ಎಂಬುದು ರಾಜ್ಯಗಳ ಪ್ರಶ್ನೆ. ಅದಕ್ಕಾಗಿಯೇ ಕರ್ನಾಟಕವೂ ಸೇರಿ ಎಂಟು ರಾಜ್ಯಗಳು, ಐಷಾರಾಮಿ ವಸ್ತು ಹಾಗೂ ತಂಬಾಕಿನಂಥ ಸರಕುಗಳಿಗೆ ಶೇ 40ರ ಮೇಲೆ ಇನ್ನಷ್ಟು ತೆರಿಗೆ ಹಾಕಿ, ಆ ಹಣವನ್ನು ರಾಜ್ಯಗಳಿಗೇ ಕೊಡಿ ಎಂದು ಕೇಳಿದವು. ಮಂಡಳಿಯಲ್ಲಿ ಕರ್ನಾಟಕದ ಪರ ಮಾತಾಡಿದವರು ಕಂದಾಯ ಸಚಿವ ಕೃಷ್ಣ ಬೈರೇಗೌಡ. ಬೇಡಿಕೆ ಈಡೇರಲಿಲ್ಲ.

ನಿನ್ನೆಯ ಐಷಾರಾಮ ಇಂದಿನ ಅಗತ್ಯವಾಗುವುದು ಸಹಜ. ದೊಡ್ಡ ಟಿ.ವಿ. ಈಗ ಸಾಮಾನ್ಯರ ಮನೆಯಲ್ಲೂ ಇದೆ. ಅದರ ದರ ಇಳಿಸಿದ್ದಕ್ಕೆ ಸಮರ್ಥನೆ ಉಂಟು. ಆದರೆ ಕೋಟಿ ರೂಪಾಯಿಯ ಕಾರಿಗೂ ರಿಯಾಯಿತಿ ಸಿಕ್ಕಾಗ, ಟಿ.ವಿ.ಯನ್ನೂ ಕಾರನ್ನೂ ಕೊಳ್ಳಲಾಗದವನು ತನ್ನ ಊರಿನ ಸರ್ಕಾರಿ ಆಸ್ಪತ್ರೆಯ ಲೆಕ್ಕ ಕೇಳಿದರೆ ತಪ್ಪೇನು?