ಮಂಗಳ ಹಾಡದ ಧಾರಾವಾಹಿಗಳು

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಸುಲಿಯುವ ಕೆಲಸ ರಾತ್ರಿವರೆಗೂ ನಡೆಯುತ್ತದೆ. ಕೈ ಕತ್ತಿಯ ಮೇಲೆ, ಕಿವಿ ಟಿವಿಯ ಮೇಲೆ. ಹೊನ್ನಾಳಿ, ನ್ಯಾಮತಿಯ ಭತ್ತ, ಮೆಕ್ಕೆಜೋಳದ ಊರುಗಳಲ್ಲಾಗಲಿ, ಜಗಳೂರಿನ ಮಳೆಯಾಶ್ರಿತ ಹಳ್ಳಿಗಳಲ್ಲಾಗಲಿ ಹೊಲದಿಂದ ಬಂದು ಒಲೆ ಹಚ್ಚುವ ಹೊತ್ತಿಗೆ ಧಾರಾವಾಹಿಯ ಶೀರ್ಷಿಕೆ ಗೀತೆ ಕೇಳಿಸುತ್ತದೆ. ಮರುದಿನ ಬಸ್ಸಿನಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಅದರದೇ ಮಾತು. ‘ಮೊದ್ಲು ಎಷ್ಟು ಚೆನ್ನಾಗಿತ್ತು, ಈಗ ಬರೀ ಎಳೀತಾರೆ’ ಎಂದು ಒಬ್ಬರು. ‘ನಾಯಕಿ ಸತ್ತಳು ಅಂದ್ರಲ್ಲ, ಮತ್ತೆ ಬಂದ್ಳಾ?’ ಎಂದು ಇನ್ನೊಬ್ಬರು. ‘ಅವರೇನು ಸಾಯೋದಿಲ್ಲ ಬಿಡಿ’ ಎಂದು ಮೂರನೆಯವರು. ಬೈದವರೇ ಸಂಜೆ ಮತ್ತೆ ಅದನ್ನೇ ಹಾಕುತ್ತಾರೆ. ಇದನ್ನು ಹೊತ್ತುಹೋಗದವರ ಹರಟೆಯೆಂದು ತಳ್ಳಿಹಾಕುವುದು ನಮ್ಮ ಓದು ಬಲ್ಲವರಿಗೆ ರೂಢಿಯಾಗಿದೆ. ಆದರೆ ಐದಾರು ವರ್ಷ ಒಂದೇ ಕಥೆಯನ್ನು ದಿನಾ ನೋಡಿದವರು ಅದು ಎಲ್ಲಿ ಹಾದಿ ತಪ್ಪಿತೆಂದು ಹೇಳುವಾಗ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆಲ್ಲಿ ಸಿಗಬೇಕು? ಅವರ ದೂರಿನಲ್ಲಿ ಹುರುಳಿದೆ. ಆದರೆ ಅವರು ದೂರುವ ‘ಉದ್ದ’ ನಿಜವಾದ ಆರೋಪಿಯಲ್ಲ. ಕಥೆಯನ್ನು ಎಲ್ಲಿ ಮುಗಿಸಬೇಕೆಂಬ ತೀರ್ಮಾನ ಬರೆಯುವವರ ಕೈತಪ್ಪಿ ವಾರವಾರದ ರೇಟಿಂಗ್‌ನ ಪಾಲಾಗಿದೆ. ಗುಣಮಟ್ಟ ಕುಸಿಯುವುದು ಅಲ್ಲಿಂದ.

ಎಲ್ಲರಿಗೂ ನೆನಪಿರುವ ಎರಡು ಧಾರಾವಾಹಿಗಳನ್ನೇ ತೆಗೆದುಕೊಳ್ಳಿ. ‘ಪುಟ್ಟಗೌರಿ ಮದುವೆ’ 2012ರ ಕೊನೆಯಲ್ಲಿ ಈಟಿವಿ ಕನ್ನಡದಲ್ಲಿ ಆರಂಭವಾಯಿತು. ಆ ವಾಹಿನಿಯೇ 2015ರಲ್ಲಿ ಕಲರ್ಸ್ ಕನ್ನಡವಾಯಿತು. ಹಿಂದಿಯ ‘ಬಾಲಿಕಾ ವಧು’ವಿನ ಕನ್ನಡ ರೂಪ ಅದು. ಬಾಲ್ಯವಿವಾಹವಾದ ಹುಡುಗಿಯೊಬ್ಬಳು ಗಂಡನ ಮನೆಯಲ್ಲಿ ಏನಾಗುತ್ತಾಳೆ ಎಂಬ ಪ್ರಶ್ನೆ ಅದರ ಜೀವ. ಬಾಲ್ಯವಿವಾಹ ಹಳೆಯ ಮಾತಾಗಿಲ್ಲದ ಬಯಲುಸೀಮೆಯ ಮನೆಗಳಿಗೆ ಈ ಪ್ರಶ್ನೆ ನೇರವಾಗಿ ತಟ್ಟಿತು. ಗೌರಿ ದೊಡ್ಡವಳಾಗಿ, ಗಂಡ ಮಹೇಶ ಇನ್ನೊಬ್ಬಳತ್ತ ತಿರುಗಿದಾಗಲೂ ಕಥೆ ಆ ಪ್ರಶ್ನೆಯನ್ನು ಬಿಟ್ಟಿರಲಿಲ್ಲ: ಮಕ್ಕಳಾಟದ ವಯಸ್ಸಿನಲ್ಲಿ ಕಟ್ಟಿದ ತಾಳಿಗೆ ಬೆಲೆಯೆಷ್ಟು? ಒಂದು ಹಂತದಲ್ಲಿ ಆ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತು. ಕಥೆ ಮಾತ್ರ ನಿಲ್ಲಲಿಲ್ಲ. ಕೊನೆಕೊನೆಗೆ ಗೌರಿ ಕಾಡುಪಾಲಾಗಿ, ಗ್ರಾಫಿಕ್ಸ್‌ನಲ್ಲಿ ಮಾಡಿದ ಕಾಡುಪ್ರಾಣಿಗಳ ನಡುವೆ ಅಲೆಯುವ ಸಂಚಿಕೆಗಳು ಬಂದವು. ರಾಜ್ಯದ ತುಂಬ ಮೊಬೈಲಿನಿಂದ ಮೊಬೈಲಿಗೆ ಅದರ ಗೇಲಿ ಹರಿದಾಡಿತು. ಗ್ರಾಫಿಕ್ಸ್ ಕಳಪೆಯೆಂದು ನಗುತ್ತಿದ್ದಾರೆ ಎಂದು ಹಲವರು ಅಂದುಕೊಂಡರು. ಜನ ನಕ್ಕದ್ದು ಬೇರೆಯದಕ್ಕೆ: ಬಾಲವಧುವಿನ ಕಥೆಯಲ್ಲಿ ಕಾಡಿಗೇನು ಕೆಲಸ?

‘ಅಗ್ನಿಸಾಕ್ಷಿ’ಯ ತೊಂದರೆ ಇನ್ನೊಂದು ಬಗೆಯದು, ನನ್ನ ಲೆಕ್ಕದಲ್ಲಿ ಹೆಚ್ಚು ಗಂಭೀರವಾದದ್ದು. 2013ರ ಡಿಸೆಂಬರ್‌ನಿಂದ 2020ರ ಜನವರಿವರೆಗೆ ಆರು ವರ್ಷ ನಡೆದ ಧಾರಾವಾಹಿ ಅದು. ಬೇರೊಬ್ಬಳನ್ನು ಪ್ರೀತಿಸುತ್ತಿದ್ದ ಸಿದ್ಧಾರ್ಥ, ಅವನನ್ನು ಮದುವೆಯಾಗಿ ಬಂದ ಸನ್ನಿಧಿ, ಇಬ್ಬರೂ ಹತ್ತಿರವಾಗುವ ಬಗೆ – ಮೊದಲ ಭಾಗವನ್ನು ಜನ ಇಂದಿಗೂ ನೆನೆಯುತ್ತಾರೆ. ಅವರಿಬ್ಬರೂ ಒಂದಾದ ಮೇಲೆ ಕಥೆಯ ಭಾರವೆಲ್ಲ ಮನೆಯೊಳಗೇ ಇರುವ ಖಳನಾಯಕಿ ಚಂದ್ರಿಕಾಳ ಗುಟ್ಟಿನ ಮೇಲೆ ಬಿತ್ತು. ನೋಡುವವರಿಗೆಲ್ಲ ಗೊತ್ತಿರುವ ಗುಟ್ಟು ಮನೆಯವರಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದ ದಿನ ಕಥೆ ಮುಗಿಯುತ್ತದೆ. ಹೀಗಾಗಿ ಮನೆಯವರೆಲ್ಲ ವರ್ಷಗಟ್ಟಲೆ ಕುರುಡರಾಗಿರಬೇಕು. ಸಾಕ್ಷಿ ಕೈಗೆ ಬಂದ ಗಳಿಗೆಯಲ್ಲೇ ಫೋನ್ ಬರಬೇಕು, ಬಾಯಿ ತೆರೆದವಳು ಮಾತು ನುಂಗಬೇಕು, ಬಾಗಿಲ ಮರೆಯಲ್ಲಿ ನಿಂತವರು ಅರ್ಧ ಮಾತನ್ನಷ್ಟೇ ಕೇಳಿಸಿಕೊಳ್ಳಬೇಕು. ಮುಕ್ತಾಯವನ್ನು ಮುಂದೂಡುವ ಪ್ರತಿ ಸಂಚಿಕೆಗೂ ಒಂದೊಂದು ಪಾತ್ರದ ಬುದ್ಧಿಯನ್ನು ಬಲಿ ಕೊಡಬೇಕಾಗುತ್ತದೆ. ‘ಅಷ್ಟೂ ತಿಳಿಯಲ್ವಾ ಅವನಿಗೆ?’ ಎಂಬ ನೋಡುಗರ ಗೊಣಗಾಟಕ್ಕಿಂತ ಸರಿಯಾದ ವಿಮರ್ಶೆಯನ್ನು ಯಾವ ವಿಮರ್ಶಕನೂ ಬರೆದಂತಿಲ್ಲ.

ಈ ರೋಗ ಕನ್ನಡದ್ದಷ್ಟೇ ಎಂದು ತಲೆತಗ್ಗಿಸಬೇಕಾಗಿಲ್ಲ. ಅಮೆರಿಕದ ಎಎಂಸಿ ವಾಹಿನಿಯಲ್ಲಿ 2010ರ ಅಕ್ಟೋಬರ್ 31ರಂದು ‘ದಿ ವಾಕಿಂಗ್ ಡೆಡ್’ ಆರಂಭವಾಯಿತು. ಸತ್ತ ಹೆಣಗಳು ಎದ್ದು ಬದುಕಿದವರನ್ನು ತಿನ್ನಲು ಬರುವ ಝಾಂಬಿ ಕಥೆ. ಹೆಣಗಳಿಗಿಂತ ಉಳಿದ ಮನುಷ್ಯರೇ ಭಯಂಕರ ಎಂಬುದು ಅದರ ತಿರುಳು. 2014ರಲ್ಲಿ ಐದನೇ ಸೀಸನ್ನಿನ ಮೊದಲ ಸಂಚಿಕೆಯನ್ನು 1.73 ಕೋಟಿ ಜನ ನೋಡಿದರು. 2016ರ ಏಪ್ರಿಲ್‌ನಲ್ಲಿ ಆರನೇ ಸೀಸನ್ ಮುಗಿದಾಗ ನೀಗನ್ ಎಂಬ ಖಳ ಕಥೆಯ ಮುಖ್ಯರಲ್ಲಿ ಒಬ್ಬನ ತಲೆಗೆ ಬ್ಯಾಟ್ ಎತ್ತುತ್ತಾನೆ. ಯಾರ ತಲೆ ಎಂದು ತೋರಿಸದೆ ಪರದೆ ಕಪ್ಪಾಗುತ್ತದೆ. ಉತ್ತರಕ್ಕೆ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಗ್ಲೆನ್ ಎಂಬ ನೆಚ್ಚಿನ ಪಾತ್ರ ಹಿಂದಿನ ವರ್ಷವಷ್ಟೇ ಹೆಣಗಳ ಗುಂಪಿನ ನಡುವೆ ಬಿದ್ದು, ಸತ್ತನೆಂದು ಅಭಿಮಾನಿಗಳು ಅತ್ತು, ವಾರಗಳ ನಂತರ ಕಸದ ತೊಟ್ಟಿಯಡಿ ನುಸುಳಿ ಬದುಕಿದ್ದನೆಂದು ತೋರಿಸಿದ್ದರು. ಈ ಸಲ ಅವನು ನಿಜಕ್ಕೂ ಸತ್ತ. ಆ ಸಂಚಿಕೆಯನ್ನು 1.7 ಕೋಟಿ ಜನ ನೋಡಿದರು; ಮರುವಾರ ಉಳಿದವರು 1.25 ಕೋಟಿಯಷ್ಟು. 2022ರ ನವೆಂಬರ್‌ನಲ್ಲಿ 177ನೇ, ಅಂದರೆ ಕೊನೆಯ ಸಂಚಿಕೆಯ ಹೊತ್ತಿಗೆ ನೋಡುಗರು 23 ಲಕ್ಷದ ಆಸುಪಾಸಿಗೆ ಇಳಿದಿದ್ದರು. ಆ ವರ್ಷಗಳಲ್ಲಿ ಅಮೆರಿಕದಲ್ಲಿ ಕೇಬಲ್ ನೋಡುವವರೇ ಕಡಿಮೆಯಾದರು, ಎಲ್ಲ ಧಾರಾವಾಹಿಗಳೂ ಬಿದ್ದವು ಎನ್ನುವುದು ನಿಜವೇ. ಆದರೆ ಒಂದೇ ವಾರದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಎದ್ದುಹೋದದ್ದಕ್ಕೆ ಕೇಬಲ್ ಕಾರಣವಾಗಲಾರದು.

ಇದರಲ್ಲೇ ಒಂದು ಸೊಗಸಾದ ಹೋಲಿಕೆಯೂ ಇದೆ. ಈ ಕಥೆ ಮೊದಲು ಬಂದದ್ದು ರಾಬರ್ಟ್ ಕರ್ಕ್‌ಮನ್ 2003ರಿಂದ ಬರೆದ ಚಿತ್ರಕಥಾ ಪುಸ್ತಕಗಳಲ್ಲಿ. 2019ರ ಜುಲೈನಲ್ಲಿ 193ನೇ ಸಂಚಿಕೆಗೆ ಆತ ಯಾವ ಮುನ್ಸೂಚನೆಯನ್ನೂ ಕೊಡದೆ ಮುಗಿಸಿಬಿಟ್ಟ. ಓದುಗರಿಗೆ ಸುಳಿವು ಸಿಗದಿರಲೆಂದು ಮುಂದಿನ ಸಂಚಿಕೆಗಳ ಸುಳ್ಳು ಮುಖಪುಟಗಳನ್ನೂ ಪ್ರಕಟಿಸಿದ್ದ. ಪುಸ್ತಕದಲ್ಲಿ ನಾಯಕನ ಮಗ ಕಾರ್ಲ್ ಕೊನೆಯವರೆಗೂ ಬದುಕಿರುತ್ತಾನೆ, ಮುಕ್ತಾಯ ನಿಂತಿರುವುದೇ ಅವನ ಮೇಲೆ. ಟಿವಿಯವರು ಅವನನ್ನು 2018ರಲ್ಲೇ ಸಾಯಿಸಿ, ಅದೇ ವರ್ಷ ನಾಯಕನನ್ನೂ ಕಥೆಯಿಂದ ಹೊರಗೆ ಕಳಿಸಿ, ಮತ್ತೆ ನಾಲ್ಕು ವರ್ಷ ನಡೆಸಿದರು. ಮುಗಿದ ಮೇಲೂ ಬಿಡಲಿಲ್ಲ. 2023ರಿಂದ ಅದೇ ಪಾತ್ರಗಳ ಮೇಲೆ ಹೊಸ ಧಾರಾವಾಹಿಗಳು ಬಂದವು. ಕಥೆ ಒಂದೇ. ಒಂದನ್ನು ಬರೆದವನೇ ಮುಗಿಸಿದ, ಇನ್ನೊಂದನ್ನು ಮಾರುಕಟ್ಟೆ ಮುಗಿಸಗೊಡಲಿಲ್ಲ.

ನಮ್ಮಲ್ಲಿ ಆ ಮಾರುಕಟ್ಟೆ ಕೆಲಸ ಮಾಡುವುದು ಗುರುವಾರಗಳಂದು. ಬಾರ್ಕ್ ಸಂಸ್ಥೆಯ ವಾರದ ರೇಟಿಂಗ್ ಅಂದು ಹೊರಬೀಳುತ್ತದೆ. ಆಯ್ದ ಮನೆಗಳ ಟಿವಿಗೆ ಮೀಟರ್ ಕೂಡಿಸಿರುತ್ತಾರೆ. ನೋಡಲು ಕೂತವರು ತಮ್ಮ ಪಾಲಿನ ಗುಂಡಿ ಒತ್ತಬೇಕು, ಯಾವ ವಾಹಿನಿ ಎಂಬುದನ್ನು ಅದರ ಧ್ವನಿಯಲ್ಲಿ ಅಡಗಿರುವ ಗುರುತಿನಿಂದ ಮೀಟರೇ ಹಿಡಿಯುತ್ತದೆ. 2020ರ ಹೊತ್ತಿಗೆ ದೇಶದ ಸುಮಾರು 21 ಕೋಟಿ ಟಿವಿ ಮನೆಗಳಿಗೆ ಇಂಥ ಮೀಟರಿನ ಮನೆಗಳು 44 ಸಾವಿರ. ಗುಂಡಿ ಒತ್ತಿ ಕೂತವರು ಕಥೆ ನೋಡಿ ಮರುಗಿದರೋ, ಬೈದರೋ, ಅಡಿಕೆ ಸುಲಿಯುತ್ತ ಕಿವಿಗೊಟ್ಟರೋ ಮೀಟರಿಗೆ ಎಲ್ಲ ಒಂದೇ. ಅಂಕಿ ಏರಿದರೆ ‘ಈ ಟ್ರ್ಯಾಕ್ ಇನ್ನೂ ಹಿಗ್ಗಿಸಿ’ ಎಂಬ ಸೂಚನೆ, ಇಳಿದರೆ ಯಾರನ್ನಾದರೂ ಅಪಹರಿಸಿ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಉಳಿಯುವ ಇಪ್ಪತ್ತೆರಡು ನಿಮಿಷವನ್ನು ತುಂಬುವ ಬಗೆ ಎಲ್ಲರಿಗೂ ಗೊತ್ತು. ಕೆನ್ನೆಗೆ ಏಟು ಬೀಳುತ್ತದೆ. ಅದೇ ಏಟು ಮೂರು ಕೋನದಿಂದ ಮೂರು ಸಲ, ಪ್ರತಿ ಸಲವೂ ಸಿಡಿಲಿನ ಸದ್ದು. ಆಮೇಲೆ ಅತ್ತೆಯ ಮುಖ, ಮಾವನ ಮುಖ, ನಾದಿನಿಯ ಮುಖ, ಮೆಟ್ಟಿಲ ಮೇಲೆ ನಿಂತ ಕೆಲಸದಾಕೆಯ ಮುಖ. ಬಾಗಿಲು ತೆರೆದುಕೊಳ್ಳುವಷ್ಟರಲ್ಲಿ ‘ಮುಂದುವರಿಯುವುದು’.

ಇದಕ್ಕೆ ವಾಹಿನಿಯವರ ಕಡೆಯಿಂದ ಬರುವ ಮೊದಲ ಉತ್ತರ: ಜನಕ್ಕೆ ಬೇಕಾದದ್ದೇ ಅದು. ಅದರಲ್ಲೂ ಹಳ್ಳಿಯ, ಸಣ್ಣ ಊರಿನ ಜನಕ್ಕೆ. 2015ರ ಅಕ್ಟೋಬರ್‌ನಿಂದ ಬಾರ್ಕ್ ಗ್ರಾಮೀಣ ಮನೆಗಳನ್ನೂ ಎಣಿಸತೊಡಗಿದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂತು. ಹಾವು, ದೆವ್ವ, ಪುನರ್ಜನ್ಮ ಎಲ್ಲವೂ ಹಳ್ಳಿಯವರ ಲೆಕ್ಕಕ್ಕೆ ಬಿದ್ದವು. ಈ ವಾದವನ್ನು ಜಗಳೂರು ಕಡೆಯ ಯಾವುದಾದರೂ ದೊಡ್ಡಾಟದ ಮುಂದೆ ನಿಂತು ಹೇಳಲಿ. ಬೆಳಗಿನವರೆಗೆ ಕೂತು ನೋಡುವ ಜನಕ್ಕೆ ಉದ್ದದ ಭಯವಿಲ್ಲ. ಆದರೆ ಬೆಳಗಾಗುವ ಹೊತ್ತಿಗೆ ಕಥೆ ಮುಗಿಯಬೇಕು, ಮಂಗಳ ಹಾಡಬೇಕು. ದಾವಣಗೆರೆ ಎಂದರೆ ಕಂಪನಿ ನಾಟಕದ ನೆಲ. ಚಿಂದೋಡಿ ವೀರಪ್ಪನವರು ಕಟ್ಟಿ ಚಿಂದೋಡಿ ಲೀಲಾ ಬೆಳೆಸಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಕಂಪನಿಯೂ ವ್ಯಾಪಾರವೇ, ಗಲ್ಲಾಪೆಟ್ಟಿಗೆಯ ಮೇಲೇ ಅದರ ಊಟ. ನಾಟಕ ಓಡಿದರೆ ಅದನ್ನೇ ಮರುದಿನ, ಮುಂದಿನ ಕ್ಯಾಂಪಿನಲ್ಲಿ ಮತ್ತೆ ಆಡುತ್ತಿದ್ದರು. ಮೂರನೇ ಅಂಕ ಮುಗಿದ ಮೇಲೆ ನಾಲ್ಕು, ಐದು, ಐವತ್ತನೇ ಅಂಕ ಹೊಲಿಯುತ್ತಿರಲಿಲ್ಲ. ಕಲೆಕ್ಷನ್ ಇಳಿದರೆ ಬೇರೆ ನಾಟಕ. ಅದೇ ಜನ, ಅವರದೇ ಮಕ್ಕಳು ಮೊಮ್ಮಕ್ಕಳು ಈಗ ಟಿವಿ ಮುಂದೆ ಕೂತಿರುವುದು.

2020ರ ಲಾಕ್‌ಡೌನ್ ಈ ವಿಷಯದಲ್ಲಿ ಬೇಡದೆ ಬಂದ ಪರೀಕ್ಷೆಯಾಯಿತು. ಚಿತ್ರೀಕರಣ ನಿಂತಿತು, ಹೊಸ ಸಂಚಿಕೆಗಳಿಲ್ಲ. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣ ವಾಹಿನಿ ಹಿಂದಿಯಿಂದ ಕನ್ನಡಕ್ಕೆ ಡಬ್ ಮಾಡಿದ ‘ಮಹಾಭಾರತ’ ಆರಂಭಿಸಿತು. ಕೊನೆಯಲ್ಲಿ ಯಾರು ಗೆಲ್ಲುತ್ತಾರೆ, ಯಾರು ತೊಡೆ ಮುರಿದು ಬೀಳುತ್ತಾರೆ ಎಂದು ಮಗುವಿಗೂ ಗೊತ್ತಿರುವ ಕಥೆ. ಆದರೂ ಮನೆಮಂದಿಯೆಲ್ಲ ಕೂತು ನೋಡಿದರು. ಕೆಲವೇ ತಿಂಗಳಲ್ಲಿ ಜೀ ಕನ್ನಡದಲ್ಲಿ ಬಂದ ಅಂಬೇಡ್ಕರ್ ಜೀವನದ ‘ಮಹಾನಾಯಕ’ಕ್ಕೆ ರಾಜ್ಯದ ಊರೂರುಗಳಲ್ಲಿ ಫ್ಲೆಕ್ಸ್ ಕಟ್ಟಿದರು, ಧಾರಾವಾಹಿಯೊಂದಕ್ಕೆ ಸಿನಿಮಾ ನಟರಿಗೆ ಕಟ್ಟುವ ಹಾಗೆ! ಮುಂದೇನಾಗುತ್ತದೋ ಎಂಬ ಒಂದೇ ಕುತೂಹಲದ ಮೇಲೆ ಹಳ್ಳಿಯವರನ್ನು ಕಟ್ಟಿಹಾಕಬೇಕೆಂಬ ನಂಬಿಕೆ ಇಲ್ಲಿ ಕುಸಿಯುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಧಾರಾವಾಹಿಯನ್ನು ಕೂತು ನೋಡುವುದಕ್ಕಿಂತ ಕೆಲಸದ ನಡುವೆ ಕೇಳುವವರೇ ಹೆಚ್ಚು. ಎರಡು ದಿನ ತಪ್ಪಿದರೂ ಎಳೆ ಸಿಗಬೇಕು. ನಿಧಾನ, ಪುನರಾವರ್ತನೆ, ಸಿಡಿಲಿನ ಸದ್ದು ಎಲ್ಲವೂ ಈ ಕೇಳುಗರ ಅನುಕೂಲಕ್ಕೆ ಎಂದು ವಾದಿಸಬಹುದು, ಒಪ್ಪುತ್ತೇನೆ. ಸಿಡಿಲಿನ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಆದರೆ ನಿಧಾನಗತಿ ಬೇರೆ, ಸುಳ್ಳು ಬೇರೆ. ಒಬ್ಬಳು ಅಡುಗೆಮನೆಯಿಂದ ಹಜಾರಕ್ಕೆ ಬರಲು ಎರಡು ಸಂಚಿಕೆ ತೆಗೆದುಕೊಳ್ಳಲಿ. ಬಂದ ಮೇಲೆ ಅವಳು ನಿನ್ನೆಯ ಅವಳೇ ಆಗಿರಬೇಕು. ಹೊಟ್ಟೆಪಾಡಿನ ಪ್ರಶ್ನೆಯನ್ನೂ ಎತ್ತುತ್ತಾರೆ: ಒಂದು ಧಾರಾವಾಹಿ ನಿಂತರೆ ಲೈಟ್‌ನವರು, ಮೇಕಪ್‌ನವರು, ಸಂಭಾಷಣೆ ಬರೆಯುವವರು ಬೀದಿಗೆ ಬರುತ್ತಾರೆ. ಆ ಹೊತ್ತಿನ ಸ್ಲಾಟ್ ಖಾಲಿ ಉಳಿಯುವುದಿಲ್ಲವಲ್ಲ, ಇನ್ನೊಂದು ಕಥೆಗೂ ಲೈಟ್ ಹಿಡಿಯುವವರು ಬೇಕೇ ಬೇಕು. ಯಾವ ದಿನ ನಿಲ್ಲುತ್ತದೋ ಎಂದು ಪ್ರತಿ ಗುರುವಾರ ಎದೆ ಹಿಡಿದುಕೊಳ್ಳುವುದಕ್ಕಿಂತ, ಮುಗಿಯುವ ದಿನ ಮೊದಲೇ ಗೊತ್ತಿದ್ದರೆ ಆ ಕೆಲಸಗಾರರಿಗೇ ಹೆಚ್ಚು ನೆಮ್ಮದಿ. ಎಳೆದೂ ಎಳೆದೂ ರೇಟಿಂಗ್‌ನಲ್ಲಿ ಗೆದ್ದ ಧಾರಾವಾಹಿಗಳಿವೆ ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು. ‘ಅಗ್ನಿಸಾಕ್ಷಿ’ಯೇ ಅದಕ್ಕೆ ಉದಾಹರಣೆ. ಲಾಭವಾಯಿತೇ ಎಂದರೆ ಹೌದು. ಚೆನ್ನಾಗಿತ್ತೇ ಎಂಬುದು ಇನ್ನೊಂದು ಪ್ರಶ್ನೆ, ಬಸ್ಸಿನಲ್ಲಿ ಚರ್ಚೆಯಾಗುವುದು ಆ ಪ್ರಶ್ನೆ.

ಉದ್ದವೇ ಅಪರಾಧವಲ್ಲ ಎನ್ನುವುದಕ್ಕೆ ಸಾಕ್ಷಿ ಕನ್ನಡದಲ್ಲೇ ಇದೆ. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ತೊಂಬತ್ತರ ದಶಕದ ಕೊನೆಗೆ ದೂರದರ್ಶನಕ್ಕೆ ಮಾಡಿದ ‘ಮಾಯಾಮೃಗ’ ದಿನವಹಿ ಧಾರಾವಾಹಿಯೇ. ಸಂಜೆಯಾದರೆ ಜನ ಅದಕ್ಕಾಗಿ ಮನೆಗೆ ಓಡುತ್ತಿದ್ದರು. ಅದರ ಪಾತ್ರಗಳು ಸೋತವು, ತಪ್ಪು ಮಾಡಿದವು, ಆದರೆ ಸಂಚಿಕೆ ತುಂಬಿಸಲೆಂದು ದಡ್ಡರಾಗಲಿಲ್ಲ. ಇತ್ತೀಚಿನದು ಬೇಕೆಂದರೆ 2020ರಿಂದ 2023ರವರೆಗೆ ನಡೆದ ‘ಕನ್ನಡತಿ’. ಪುಟ್ಟಗೌರಿಯಾಗಿ ಕಾಡು ಅಲೆದ ರಂಜನಿ ರಾಘವನ್ ಇಲ್ಲಿ ಕನ್ನಡ ಮೇಷ್ಟರಾದ ಭುವನೇಶ್ವರಿ. ಇಲ್ಲಿಯೂ ಆಸ್ತಿ, ಗುಟ್ಟು, ಒಳಸಂಚು ಎಲ್ಲ ಇದ್ದವು, ಎಳೆದಾಟವೂ ಇರಲಿಲ್ಲವೆಂದಲ್ಲ. ಆದರೆ ಚಿತ್ಕಲಾ ಬಿರಾದಾರ್ ಮಾಡಿದ ಅಮ್ಮಮ್ಮ ರತ್ನಮಾಲಾ ಸತ್ತಾಗ ಅವರನ್ನು ಕಥೆ ಎಬ್ಬಿಸಿಕೊಂಡು ಬರಲಿಲ್ಲ. ಅವರಿಲ್ಲದ ಮನೆ ಹೇಗಿರುತ್ತದೆಂದು ತೋರಿಸಿ, ಹೆಚ್ಚು ತಡಮಾಡದೆ ಮುಗಿಯಿತು. ಜನ ಅದನ್ನು ಬೈಗುಳವಿಲ್ಲದೆ ಬೀಳ್ಕೊಟ್ಟರು.

ಲ್ಯಾಟಿನ್ ಅಮೆರಿಕದ ಟೆಲಿನೋವೆಲಾಗಳು ದಿನಾ ಬಂದರೂ ಸಾಮಾನ್ಯವಾಗಿ ವರ್ಷದೊಳಗೆ ಮುಗಿಯುತ್ತವೆ. ಅಲ್ಲಿ ಕೊನೆಯ ಸಂಚಿಕೆಯೇ ಹಬ್ಬ. ನಮ್ಮ ವಾಹಿನಿಗಳು ಅಷ್ಟು ದೂರ ಹೋಗಬೇಕಾಗಿಲ್ಲ. ಹೊಸ ಧಾರಾವಾಹಿಯ ಪ್ರೋಮೊದಲ್ಲಿ ನಟರ ಹೆಸರು, ವಾರ, ವೇಳೆ ಎಲ್ಲವನ್ನೂ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾರೆ. ಮುನ್ನೂರೋ, ಆರುನೂರೋ, ಒಟ್ಟು ಎಷ್ಟು ಸಂಚಿಕೆ ಎಂಬುದನ್ನೂ ಅದರಲ್ಲಿ ಒಂದು ಸಲ ಹೇಳಲಿ, ಹೇಳಿದ್ದಕ್ಕೆ ನಿಲ್ಲಲಿ. ತಿಂಗಳು ತಿಂಗಳು ಕೇಬಲ್ಲಿಗೆ, ಡಿಶ್ಶಿಗೆ ದುಡ್ಡು ಕಟ್ಟುವ ಹೊನ್ನಾಳಿ, ನ್ಯಾಮತಿಯ ಮನೆಗಳು ಇಷ್ಟನ್ನು ಕೇಳುವುದು ಹೆಚ್ಚಲ್ಲ.